ಕಿವಿಯಣ್ಣನ ಜೀರುಂಡೆ

ನಮ್ಮ ಹೆಂಚಿನ ಕಾರ್ಖಾನೆಯಲ್ಲಿ ಅವರನ್ನು ಹೆಸರು ಹಿಡಿದು ಕರೆದವರನ್ನು ನಾನು ಕಾಣೆ. ಮ್ಯಾನೇಜರಿಂದ ಹಿಡಿದು ಗೇಟಿನ ಕಾವಲುಗಾರನವರೆಗೆ ಎಲ್ಲರಿಗೂ ಅವರು ಕಿವಿಯಣ್ಣ. ಅವರ ಪಕ್ಕದಲ್ಲಿ ನಿಂತು ಹೆಂಚಿನ ಬೂದಿ ಒರೆಸುವ ನಾನು ಬಾಯಕ್ಕ. ನನಗೆ ಆ ಹೆಸರು ಯಾಕೆ ಬಂತು ಅಂತ ಬಿಡಿಸಿ ಹೇಳಬೇಕಾಗಿಲ್ಲ, ಎರಡು ನಿಮಿಷದಲ್ಲಿ ನಿಮಗೇ ಗೊತ್ತಾಗುತ್ತದೆ. ಅವರಿಗೆ ಯಾಕೆ ಬಂತು ಅನ್ನುವುದನ್ನು ಮಾತ್ರ ಹೇಳಲೇಬೇಕು.

ಭಟ್ಟಿಯಿಂದ ಹೊರಬಂದ ಹೆಂಚು ಟ್ರಾಲಿಯಲ್ಲಿ ನಮ್ಮ ಮೇಜಿಗೆ ಬರುತ್ತದೆ, ಇನ್ನೂ ಕೈ ಸುಡುವ ಹಾಗೆ. ನಾನು ಬ್ರಷ್ಷಿನಲ್ಲಿ ಬೂದಿ ಕೊಡವಿ ಮುಂದಕ್ಕೆ ತಳ್ಳುತ್ತೇನೆ. ಕಿವಿಯಣ್ಣ ಅದರ ಮೂಲೆಯನ್ನು ಎಡಗೈಯ ಎರಡೇ ಬೆರಳಲ್ಲಿ ಹಿಡಿದೆತ್ತಿ, ಬಲಗೈಯಲ್ಲಿದ್ದ ಗೇಣುದ್ದದ ಕಬ್ಬಿಣದ ಸರಳಿನಿಂದ ಒಂದು ತಟ್ಟು ತಟ್ಟುತ್ತಿದ್ದರು. ಒಳ್ಳೆಯ ಹೆಂಚು ಟಣ್ ಅನ್ನುತ್ತದೆ, ಅದು ಬಲಕ್ಕೆ. ಬಿರುಕು ಬಿಟ್ಟದ್ದು ಡಬ್ ಅನ್ನುತ್ತದೆ, ಅದು ಎಡಕ್ಕೆ, ಒಡೆಯುವ ರಾಶಿಗೆ. ಕಣ್ಣಿಗೆ ಎರಡೂ ಒಂದೇ. ಕೂದಲೆಳೆಯಂಥ ಬಿರುಕು ಕಾಣುವುದಿಲ್ಲ. ಒಂದು ಬೇಸಿಗೆ, ಒಂದು ಮಳೆ ಕಂಡ ಮೇಲೆ ಅದೇ ಬಾಯಿಬಿಟ್ಟು ಎರಡು ತುಂಡಾಗಿ ಕೆಳಗೆ ಬೀಳುತ್ತದೆ. ಕೆಳಗೆ ಯಾರಿದ್ದಾರೆ ಅಂತ ವಿಚಾರಿಸಿಕೊಂಡು ಬೀಳುವುದಿಲ್ಲ.

ಇಪ್ಪತ್ತೆಂಟು ವರ್ಷ ಅವರು ಹೀಗೆ ತಟ್ಟಿದರು. ಎಂಟು ಮಾರು ದೂರದಲ್ಲೇ ಹಸಿಮಣ್ಣಿಗೆ ಅಚ್ಚು ಹಾಕುವ ಪ್ರೆಸ್ಸು, ಹಗಲಿಡೀ ಧಡ್ ಧಡ್ ಅಂತ ಎದೆಗೇ ಗುದ್ದುತ್ತದೆ. ಅದಕ್ಕೇ ನಾವೆಲ್ಲ ಕಿವಿಗೆ ಹತ್ತಿ ತುರುಕಿಕೊಳ್ಳುತ್ತೇವೆ. ಕೈಸನ್ನೆ ಬಾಯಿಸನ್ನೆಯಲ್ಲೇ ಮಾತು. ಇಡೀ ಶೆಡ್ಡಿನಲ್ಲಿ ಹತ್ತಿ ಇಟ್ಟುಕೊಳ್ಳದವರು ಒಬ್ಬರೇ, ಕಿವಿಯಣ್ಣ. ಅವರು ಕೇಳಿಸಿಕೊಳ್ಳಬೇಕಲ್ಲ! ಹೆಂಚಿನ ಟಣ್ಣಿಗೆ ತೆರೆದಿಟ್ಟ ಕಿವಿಗೆ ಪ್ರೆಸ್ಸಿನ ಧಡ್ಡೂ ನುಗ್ಗುತ್ತದೆ ಅಂತ ಒಬ್ಬರಿಗಾದರೂ ಹೊಳೆಯಬೇಕಿತ್ತು. ನನಗೂ ಹೊಳೆಯಲಿಲ್ಲ, ಇಷ್ಟುದ್ದ ಬಾಯಿ ಇಟ್ಟುಕೊಂಡು.

ಅವರಿಗೆ ಇದ್ದವಳು ಒಬ್ಬಳೇ ಮಗಳು. ಹೆಂಡತಿ ಹೋಗಿ ಬಹಳ ಕಾಲವಾಗಿತ್ತು. ಮಗಳು ಊರಿನ ಆಚೆ ತುದಿಯಲ್ಲಿ, ಬಸ್ಸಿನಲ್ಲಿ ಒಂದು ಗಂಟೆ ದೂರ. ಅಳಿಯ ಲಾರಿ ಡ್ರೈವರ್, ತಿಂಗಳಲ್ಲಿ ಇಪ್ಪತ್ತು ದಿನ ರಸ್ತೆಯ ಮೇಲೆ. ಅವಳು ಒಂಬತ್ತು ತಿಂಗಳ ಬಸುರಿಯಾಗಿದ್ದಾಗ ಅಳಿಯ ಒಂದು ಸಂಜೆ ಕಾರ್ಖಾನೆಯ ಗೇಟಿಗೇ ಬಂದ. ನಾನೂ ಅಲ್ಲೇ ಇದ್ದೆ.

"ಮಾವ, ನಿಮಗೆ ಎಷ್ಟು ಸಲ ಫೋನ್ ಮಾಡಿದ್ರೂ ಎತ್ತಲ್ಲ. ನಾನು ನಾಳೆ ಲೋಡ್ ತಗೊಂಡು ಹೊರಡ್ತೀನಿ. ಅವಳಿಗೆ ಏನಾದ್ರೂ ಆದ್ರೆ ಮೊದಲು ನಿಮಗೇ ಫೋನ್ ಬರೋದು. ಜೋರಾಗಿರೋ ರಿಂಗ್‌ಟೋನ್ ಒಂದು ಹಾಕಿಸ್ಕೊಳ್ಳಿ, ದಮ್ಮಯ್ಯ."

"ಆಗಲಿ, ಆಗಲಿ, ಹಾಕಿಸ್ತೀನಿ," ಅಂದರು ಕಿವಿಯಣ್ಣ.

ಹಾಕಿಸಲು ನನ್ನನ್ನೂ ಕರೆದುಕೊಂಡು ಹೋದರು. ಬಸ್‌ಸ್ಟ್ಯಾಂಡಿನ ಪಕ್ಕದ ಫೋನಿನ ಅಂಗಡಿ, ಇಬ್ಬರು ನಿಂತರೆ ಮೂರನೆಯವರು ಉಸಿರು ಹಿಡಿಯಬೇಕು. ಗೋಡೆಯ ತುಂಬ ಫೋನಿನ ಕವರುಗಳು, ಗಾಜಿನ ಕೆಳಗೆ ಚಾರ್ಜರುಗಳು, ಮೂಲೆಯಲ್ಲಿ ಒಂದು ಹಳೆಯ ಕಂಪ್ಯೂಟರು. ನಮ್ಮ ಗ್ರಹಚಾರಕ್ಕೆ ಅಲ್ಲಿ ನಮ್ಮ ಫೋರ್‌ಮನ್ ಕೂಡ ನಿಂತಿದ್ದರು, ಒಡೆದ ಪರದೆ ಬದಲಾಯಿಸಲು ಕೊಟ್ಟು.

"ಏನು ಕಿವಿಯಣ್ಣ, ನಿಮಗೂ ರಿಂಗ್‌ಟೋನ್ ಶೋಕಿನಾ?" ಅಂದರು ಫೋರ್‌ಮನ್.

ಅಂಗಡಿಯಾಕೆ ಫೋನಿಗೆ ತಂತಿ ಚುಚ್ಚಿ, ಕಂಪ್ಯೂಟರಿನಲ್ಲಿ ಉದ್ದನೆಯ ಪಟ್ಟಿ ತೆರೆದಳು. ಒಂದೊಂದಾಗಿ ನುಡಿಸುತ್ತ ಹೋದಳು. ಡೋಲು. ಕೊಳಲು. ರೈಲಿನ ಸಿಳ್ಳೆ. ಹಳೇ ಕಾಲದ ಫೋನಿನ ಟ್ರಿಣ್ ಟ್ರಿಣ್. ಮಗು ನಗುವುದು. ಡೋಲು ಬಂದಾಗ ಕಿವಿಯಣ್ಣ ತಲೆ ಅಲ್ಲಾಡಿಸಿದರು, ಟ್ರಿಣ್ ಟ್ರಿಣ್‌ಗೆ ಕಣ್ಣು ಕಿರಿದು ಮಾಡಿದರು. ಆಮೇಲೆ ಬಂತು ಜೀರುಂಡೆ. ಅಬ್ಬಬ್ಬಾ! ಮೂರು ಜನ ನಿಂತ ಆ ಗೂಡಿನಲ್ಲಿ ಸೂಜಿಯಿಂದ ತಲೆಗೆ ತೂತು ಕೊರೆದಂತೆ. ನಾನು ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡೆ. ಫೋರ್‌ಮನ್ ಮುಖ ಹಿಂಡಿ, "ನಿಲ್ಸಮ್ಮಾ ತಾಯಿ! ಸತ್ತೋರೂ ಎದ್ದು ಕೂತ್ಕೋತಾರೆ!" ಅಂದರು.

ಕಿವಿಯಣ್ಣ ನಮ್ಮಿಬ್ಬರ ಮುಖ ನೋಡಿದರು. ಮುಗುಳ್ನಕ್ಕರು.

"ಇದೇ ಇರ್ಲಿ. ಇದು ಭಾಳ ಚೆನ್ನಾಗಿದೆ."

"ಅಣ್ಣ, ಡೋಲೇ ವಾಸಿ ಅಲ್ವಾ?" ಅಂದೆ ನಾನು.

"ಇದೇ ಇರ್ಲಿ ಅಂದ್ನಲ್ಲ," ಅಂದರು, ಸ್ವಲ್ಪ ಗದರಿಸಿಯೇ.

ಅಂಗಡಿಯಾಕೆ ಜೀರುಂಡೆಯನ್ನು ಫೋನಿಗೆ ಇಳಿಸಿದಳು. ಸೆಟ್ಟಿಂಗ್ಸ್ ಒತ್ತಿ, ರಿಂಗ್‌ಟೋನ್ ಒತ್ತಿ, ಅದನ್ನೇ ಆರಿಸಿ, ಸದ್ದಿನ ಗೆರೆಯನ್ನು ತುತ್ತತುದಿಗೆ ಎಳೆದಳು. ಕರೆ ಬಂದಾಗ ಫೋನು ನಡುಗುವ ವೈಬ್ರೇಶನ್ನನ್ನೂ ನಿಲ್ಲಿಸಿಬಿಟ್ಟಳು, ಬ್ಯಾಟರಿ ಉಳಿಯುತ್ತೆ ಅಂತ. ಪರೀಕ್ಷೆಗೆ ತನ್ನ ಫೋನಿನಿಂದ ಕರೆ ಮಾಡಿದಳು. ಬೀದಿಯಲ್ಲಿ ಹೋಗುತ್ತಿದ್ದ ಇಬ್ಬರು ತಿರುಗಿ ನೋಡಿದರು. ಕಿವಿಯಣ್ಣ ಫೋನು ನೋಡಲಿಲ್ಲ, ಅಂಗಡಿಯಾಕೆಯ ಮುಖವನ್ನೇ ನೋಡುತ್ತಿದ್ದರು. ಅವಳು ಹುಬ್ಬೇರಿಸಿದ ಮೇಲೆ, "ಸರಿ ಸರಿ, ಫಸ್ಟ್ ಕ್ಲಾಸ್," ಅಂದರು.

ಮಾರನೆಯ ದಿನ ಹತ್ತು ಗಂಟೆಯ ಟೀ ವಿರಾಮದಲ್ಲಿ ಪ್ರೆಸ್ಸು ನಿಂತಿತ್ತು. ನಾವೆಲ್ಲ ಹತ್ತಿ ತೆಗೆದು ಕೂತಿದ್ದೆವು. ಎಲ್ಲಿಂದಲೋ ಜೀರುಂಡೆ ಕಿರುಚಲು ಶುರು ಮಾಡಿತು. ಟ್ರಾಲಿಯವನು ಎದ್ದು ಹೆಂಚಿನ ರಾಶಿಯ ಹಿಂದೆ ಇಣುಕಿದ. ಇನ್ನೊಬ್ಬಳು ಸೆರಗು ಕೊಡವಿಕೊಂಡಳು. ಕಿವಿಯಣ್ಣ ಎಲ್ಲರ ಮಧ್ಯೆ ಆರಾಮಾಗಿ ಕೂತು ಟೀ ಹೀರುತ್ತಿದ್ದರು. ಜೀರುಂಡೆ ಅವರ ಜೇಬಿನಲ್ಲೇ ಕಿರುಚುತ್ತಿತ್ತು.

"ಅಣ್ಣ, ನಿಮ್ಮ ಫೋನು!" ಅಂದೆ.

"ಗೊತ್ತು, ಗೊತ್ತು. ಕೆಲಸದ ಜಾಗದಲ್ಲಿ ಎತ್ತಲ್ಲ ನಾನು," ಅಂದರು.

ಜನ ನಕ್ಕು ಸುಮ್ಮನಾದರು. ಜಾಣಕಿವುಡು ಅಂದುಕೊಂಡರು. ಸ್ವಲ್ಪ ಹೊತ್ತಿಗೆ ಮತ್ತೆ ಬಂತು, ದಾರಿಯಿಂದ ಅಳಿಯ ಮಾಡಿದ್ದು ಅಂತ ಆಮೇಲೆ ತಿಳಿಯಿತು. ಈ ಸಲ ನಾನು ಏನೂ ಹೇಳದೆ ಅವರ ಕಣ್ಣನ್ನೇ ನೋಡಿದೆ. ಆ ಕಣ್ಣು ಅಲುಗಲಿಲ್ಲ. ಜೇಬಿನಿಂದ ಕಿವಿಗೆ ಒಂದು ಗೇಣು, ಅಷ್ಟೇ. ಈ ಜೀರುಂಡೆ ಕೇಳದ ಕಿವಿಗೆ ಹೆಂಚಿನ ಟಣ್ಣು ಡಬ್ಬು ಕೇಳುತ್ತಿರುವುದಾದರೂ ಹೇಗೆ?

ನಾನು ಮಾಡಿದ್ದು ಸರಿಯೋ ತಪ್ಪೋ ಗೊತ್ತಿಲ್ಲ. ಪ್ರೆಸ್ಸು ಶುರುವಾಗುವ ಮೊದಲು ಎಡಗಡೆಯ ರಾಶಿಯಿಂದ ಹಿಂದಿನ ದಿನದ ಒಡಕು ಹೆಂಚೊಂದನ್ನು ಎತ್ತಿಕೊಂಡು, ನನ್ನ ಬೆರಳಗಂಟಿನಿಂದ ತಟ್ಟಿದೆ. ಡಬ್. ಮಣ್ಣಿನ ಹೆಂಟೆಯ ಹಾಗೆ. ಬಿರುಕು ಎಲ್ಲಿದೆ ಅಂತ ಕಾಣುತ್ತಿರಲಿಲ್ಲ. ಬೂದಿ ಸವರಿ ಅವರ ಮುಂದೆ ತಳ್ಳಿದೆ. ಅವರು ಎತ್ತಿದರು, ತಟ್ಟಿದರು, ತಲೆ ಒಂದಿಷ್ಟು ಓರೆ ಮಾಡಿದರು, ಬಲಕ್ಕೆ ಇಟ್ಟರು. ಅದನ್ನೇ ವಾಪಸ್ ಎಳೆದುಕೊಂಡು ಮತ್ತೆ ತಳ್ಳಿದೆ. ಮತ್ತೆ ಬಲಕ್ಕೆ.

ಮಧ್ಯಾಹ್ನ ಊಟಕ್ಕೆ ಎಲ್ಲ ಹೋದ ಮೇಲೆ ಆ ಹೆಂಚನ್ನು ಅವರ ಮಡಿಲಲ್ಲಿ ಇಟ್ಟು ಹೇಳಿದೆ. ಮೊದಲು ಕೆಂಡಾಮಂಡಲವಾದರು. "ನಂಗೇ ಪರೀಕ್ಷೆ ಮಾಡ್ತೀಯಾ? ನೀನು ಬ್ರಷ್ ಹಿಡಿಯೋಕೆ ಮುಂಚೆ ನಾನು ಈ ಮೇಜಲ್ಲಿ ಹತ್ತು ವರ್ಷ ಸವೆಸಿದ್ದೆ!" ನಾನು ಸುಮ್ಮನೆ ಸರಳು ತೆಗೆದುಕೊಂಡು ತಟ್ಟಿದೆ, ಒಂದು ಒಳ್ಳೆಯದು, ಒಂದು ಒಡಕು, ಒಂದು ಒಳ್ಳೆಯದು. ಅವರು ನೋಡುತ್ತ ನೋಡುತ್ತ ತಣ್ಣಗಾದರು. ಆಮೇಲೆ ಹೇಳಿದರು: ಎರಡು ವರ್ಷದಿಂದ ಅನುಮಾನವಿತ್ತಂತೆ. ಕೈಯಲ್ಲಿ ನಡುಕ ಸಿಕ್ಕಿದ್ದನ್ನು ಒಳ್ಳೆಯದು, ಸಿಗದ್ದನ್ನು ಕೆಟ್ಟದ್ದು ಅಂತ ಬೇರೆ ಮಾಡುತ್ತಿದ್ದರಂತೆ. ಮಾತುಗಳು ಅರ್ಧಂಬರ್ಧ ಕೇಳುತ್ತವೆ, ಉಳಿದರ್ಧಕ್ಕೆ ಸರಿ ಸರಿ ಅಂದುಬಿಡುತ್ತಾರಂತೆ. ಅಂಗಡಿಯಲ್ಲಿ ಡೋಲು ಕೇಳಿತು, ಟ್ರಿಣ್ ಟ್ರಿಣ್ ದೂರದಲ್ಲಿ ಕೇಳಿತು, ಆಮೇಲೆ ಬರೀ ಮೌನ. ಕಂಪ್ಯೂಟರ್ ಕೆಟ್ಟಿತೇನೋ ಅಂದುಕೊಳ್ಳುವಾಗ ಫೋರ್‌ಮನ್ ಮುಖ ಹಿಂಡುವುದು ಕಂಡಿತು.

"ಅವರ ಮುಂದೆ ಹೇಗೆ ಹೇಳ್ಲಿ ತಂಗಿ, ನಂಗೆ ಕೇಳಿಸ್ಲಿಲ್ಲ ಅಂತ? ಕೇಳಿಸ್ದೇ ಇದ್ದದ್ದನ್ನೇ ಆರಿಸ್ಕೊಂಡ್ರೆ ಯಾರಿಗೂ ಅನುಮಾನ ಬರಲ್ಲ ಅಂತ..."

ಕಳ್ಳನ ಮನಸ್ಸು ಹುಳ್ಳುಳ್ಳಗೆ ಅಂತಾರಲ್ಲ, ಹಾಗಾಗಿತ್ತು ಅವರದು. ನನಗೆ ನಗು ಬರಬೇಕಿತ್ತು, ಬರಲಿಲ್ಲ. ಯಾಕೆಂದರೆ ಅಷ್ಟರಲ್ಲಿ ಅವರ ಮುಖ ಬಿಳಿಚಿಕೊಂಡಿತು. ಒಂದೇ ಮಾತು ಹೇಳಿದರು.

"ಮಗಳ ಮನೆ."

ಹಿಂದಿನ ವರ್ಷ ಮಗಳ ಮನೆಗೆ ಹೊಸ ಸೂರು ಹಾಕಿಸಿದ್ದರು. ಎಂಟುನೂರು ಹೆಂಚು. ಬೇರೆ ಯಾರ ಕೈಗೂ ಕೊಡದೆ, ಒಂದು ವಾರ ಪಾಳಿ ಮುಗಿದ ಮೇಲೆ ನಿಂತು, ಒಂದೊಂದನ್ನೂ ತಾವೇ ತಟ್ಟಿ ಆರಿಸಿ ಕಳಿಸಿದ್ದರು. 'ನನ್ನ ಮಗಳ ತಲೆ ಮೇಲಿರೋದು ನನ್ನ ಕಿವಿ' ಅಂತ ಶೆಡ್ಡಿನ ತುಂಬ ಹೇಳಿಕೊಂಡು ಓಡಾಡಿದ್ದರು. ಆ ಸೂರಿನ ಕೆಳಗೆ ಈಗ ತುಂಬು ಗರ್ಭಿಣಿ, ಇನ್ನು ಮೂರು ವಾರಕ್ಕೆ ಒಂದು ಹಸುಗೂಸು.

ವಾರದ ರಜೆಗೆ ಇನ್ನೂ ಎರಡು ದಿನವಿತ್ತು. ನಾನು ಹತ್ತಿ ಕಿತ್ತೆಸೆದೆ. ಧಡ್ ಧಡ್ ನಡುವೆ ಕಿವಿಗೊಟ್ಟು, ಒಡಕು ಬಂದಾಗಲೆಲ್ಲ ಮೇಜಿನ ಕೆಳಗೆ ಅವರ ಕಾಲು ತುಳಿಯುತ್ತಿದ್ದೆ. ಅವರು ಅದನ್ನು ಎಡಕ್ಕೆ ಇಡುತ್ತಿದ್ದರು. ಫೋರ್‌ಮನ್ ಬೆನ್ನ ಹಿಂದೆ ನಿಂತಾಗ ನನ್ನ ಕಾಲೇ ಏಳುತ್ತಿರಲಿಲ್ಲ. ಗೊತ್ತಾದರೆ ಅವರ ಮೇಜು ಹೋಗುತ್ತದೆ, ಹಿಂದೆಯೇ ನನ್ನ ಬ್ರಷ್ಷೂ ಹೋಗುತ್ತದೆ ಅನ್ನುವ ಭಯ ನನಗೆ. ಅವರಿಗೆ ಆ ಭಯ ಇರಲೇ ಇಲ್ಲ. ಗಾಳಿ ಬೀಸಿದರೆ ಸಾಕು, ಬೆಚ್ಚಿ ಆಚೆ ನೋಡುತ್ತಿದ್ದರು, ಇಲ್ಲಿಂದ ಆ ಸೂರು ಕಾಣುತ್ತದೇನೋ ಅನ್ನುವ ಹಾಗೆ. ನಾನು ಹೇಳಿದೆ, ಮಗಳಿಗೆ ಫೋನ್ ಮಾಡಿ ಆಚೆ ಮಲಗು ಅನ್ನೋಣ ಅಂತ. "ಏನಂತ ಹೇಳ್ಲಿ?" ಅಂದರು. ನಾನೂ ಒತ್ತಾಯ ಮಾಡಲಿಲ್ಲ. ಇಬ್ಬರೂ ಹೇಡಿಗಳೇ, ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ.

ರಜೆಯ ಬೆಳಿಗ್ಗೆ ಮೊದಲ ಬಸ್ಸಿಗೇ ಹೊರಟೆವು. ಬಸ್ಸಿನಲ್ಲಿ ಅವರು ಅಂದರು, "ನಾಳೆ ಫೋರ್‌ಮನ್‌ಗೆ ಎಲ್ಲ ಹೇಳ್ಬಿಡ್ತೀನಿ. ಬೇರೆಯವರ ಮಕ್ಕಳೂ ಸೂರಿನ ಕೆಳಗೇ ಮಲಗ್ತಾರೆ." ಹೇಳಿದರು ಕೂಡ. ಗೋದಾಮಿನಲ್ಲಿದ್ದ ಸರಕನ್ನೆಲ್ಲ ಮತ್ತೆ ತಟ್ಟಿಸಿದರು, ಹೊರಗೆ ಹೋದದ್ದಕ್ಕೆ ಮನೆ ಮನೆ ಹುಡುಕಿಕೊಂಡು ಜನ ಹೋದರು. ಕಿವಿಯಣ್ಣ ಈಗ ಮಣ್ಣು ಹದ ಮಾಡುವ ಕಡೆ ಇದ್ದಾರೆ, ಅಲ್ಲಿ ಕೈ ಇದ್ದರೆ ಸಾಕು. ಆ ಮೇಜಿನಲ್ಲಿ ತಟ್ಟುವವಳು ಈಗ ನಾನು. ಆದರೆ ಅವತ್ತು ಬಸ್ಸಿನಲ್ಲಿ ನನಗೆ ಫೋರ್‌ಮನ್ನೂ ಬೇಡ, ಕಾರ್ಖಾನೆಯೂ ಬೇಡವಾಗಿತ್ತು. ಆ ಮನೆ ಕಣ್ಣಿಗೆ ಬಿದ್ದರೆ ಸಾಕು, ನಿಂತಿದ್ದರೆ ಸಾಕು ಅನ್ನಿಸಿತ್ತು.

ನಿಂತಿತ್ತು. ಎರಡು ಕೋಣೆಯ ಮನೆ, ಮುಂದೆ ಬಟ್ಟೆ ಒಣಗಿಸುವ ಹಗ್ಗ. ಮಗಳು ಸೊಂಟಕ್ಕೆ ಕೈಕೊಟ್ಟು ಬಾಗಿಲಿಗೆ ಬಂದಳು. "ಬನ್ನಿ ಅತ್ತೆ," ಅಂತ ನನ್ನನ್ನು ಕರೆದಳು. ಅಪ್ಪನಿಗೆ ನೀರು ತಂದಿಟ್ಟಳು, ಮಾತಾಡಲಿಲ್ಲ, ಮುಖವನ್ನೂ ನೋಡಲಿಲ್ಲ. ದಿನ ತುಂಬಿದ ಆಯಾಸ ಅಂದುಕೊಂಡೆ. ಒಳಗಿನ ಕೋಣೆಯಲ್ಲಿ ಗೋಡೆಗೆ ತಾಗಿ ಮಂಚ, ಮಂಚದ ಪಕ್ಕ ಮರದ ಪುಟ್ಟ ತೊಟ್ಟಿಲು, ಒಳಗೆ ಮಡಿಸಿಟ್ಟ ಹಳೆಯ ಮೆತ್ತನೆ ಬಟ್ಟೆಗಳು. ಕಿವಿಯಣ್ಣ ತೊಟ್ಟಿಲನ್ನು ನೋಡಿ, ನೆಟ್ಟಗೆ ಅದರ ಮೇಲಿನ ಸೂರನ್ನು ನೋಡಿದರು.

"ಮಳೆಗೆ ಮುಂಚೆ ಹೆಂಚು ಒಂದ್ಸಲ ನೋಡ್ಬಿಡೋಣ ಅಂತ ಬಂದ್ವಮ್ಮ," ಅಂದೆ ನಾನು. "ನೀನು ಆಚೆ ಅಂಗಳದಲ್ಲಿ ಕೂತ್ಕೋ."

ಪಕ್ಕದ ಮನೆಯ ಬಣ್ಣ ಬಳಿಯುವವರ ಏಣಿ ಇಸಕೊಂಡೆವು. ಕಿವಿಯಣ್ಣ ಮೇಲೆ ಹತ್ತಿ ಸೂರಿನ ಮರದ ಮೇಲೆ ಕಾಲಿಟ್ಟು ಕೂತರು. ನಾನು ಏಣಿಯ ತುದಿಯಲ್ಲಿ ನಿಂತೆ. ಒಂದೊಂದು ಹೆಂಚನ್ನೂ ಮೂಲೆ ಹಿಡಿದೆತ್ತಿ ಅವರು ತಟ್ಟುತ್ತಿದ್ದರು, ನಾನು ಕೇಳಿ ಕೈ ಎತ್ತುತ್ತಿದ್ದೆ. ಅಂಗೈ ತೋರಿಸಿದರೆ ಒಳ್ಳೆಯದು, ಮುಷ್ಟಿ ಕಟ್ಟಿದರೆ ಒಡಕು. ಮೊದಲ ಸಾಲಿನಲ್ಲಿ ಎಲ್ಲವೂ ಅಂಗೈ. ಎರಡನೆಯ ಸಾಲಿನಲ್ಲಿ ಒಂದು ಮುಷ್ಟಿ. ಅವರು ಅದನ್ನು ಪಕ್ಕಕ್ಕಿಟ್ಟು, ಅದರ ಜಾಗದ ತೂತಿನಿಂದ ಕೆಳಗೆ ಇಣುಕಿ ನೋಡಿ, ಮುಂದಕ್ಕೆ ಸರಿದರು. ಮೂರನೆಯ ಸಾಲಿನಲ್ಲಿ ಎರಡು ಮುಷ್ಟಿ. ನಾಲ್ಕನೆಯದರಲ್ಲಿ ಮೂರು. ಪ್ರತಿ ಸಲವೂ ಅವರ ಮುಖ ಇನ್ನಷ್ಟು ಚಿಕ್ಕದಾದಂತೆ ಕಂಡಿತು. ನನಗೆ ಮುಷ್ಟಿ ಕಟ್ಟಲು ಕೈ ಬಾರದೆ ಹೋಯಿತು. ಸುಳ್ಳು ಅಂಗೈ ತೋರಿಸಲಾ ಅಂತ ಒಂದು ಕ್ಷಣ ಅನ್ನಿಸಿದ್ದೂ ಉಂಟು.

ತೊಟ್ಟಿಲಿನ ನೆತ್ತಿಗೆ ಬಂದಾಗ ಹೀಗಾಯಿತು. ಒಂದು ಹೆಂಚಿನ ಮೂಲೆ ಹಿಡಿದು ಎತ್ತಿದರು. ಅರ್ಧ ಅವರ ಕೈಗೆ ಬಂತು. ಇನ್ನರ್ಧ ಮರದ ಪಟ್ಟಿಯ ಮೇಲೆ ಒಂದು ಗಳಿಗೆ ತೂಗಿ, ಒಳಕ್ಕೆ ಜಾರಿತು. ಕೆಳಗೆ ಧಪ್ ಅಂತು. ಹಿಂದೆಯೇ ಮಗಳು ಚೀರಿದಳು. ಅಂಗಳದಲ್ಲಿ ಕೂತಿದ್ದಾಳೆ ಅಂತಲೇ ನಾನು ತಿಳಿದಿದ್ದೆ. ಯಾವಾಗ ಒಳಗೆ ಹೋಗಿದ್ದಳೋ! ಆ ಚೀರಾಟಕ್ಕೆ ಬಣ್ಣದವರ ಮನೆಯಿಂದ ಜನ ಹೊರಗೆ ಓಡಿ ಬಂದರು.

ಕಿವಿಯಣ್ಣ ಕೈಯಲ್ಲಿದ್ದ ಅರ್ಧವನ್ನು ಪಕ್ಕಕ್ಕಿಟ್ಟರು. ಮುಂದಿನ ಹೆಂಚನ್ನು ಎತ್ತಿದರು. ಟಣ್ ಅಂತ ತಟ್ಟಿ, ನನ್ನ ಅಂಗೈಗಾಗಿ ಕಾಯುತ್ತ ನನ್ನ ಕಡೆ ನೋಡಿದರು. ಕೆಳಗೆ ಮಗಳು ಇನ್ನೂ ಚೀರುತ್ತಲೇ ಇದ್ದಳು, ಅವರ ಪಾದದಿಂದ ಎರಡಾಳು ಕೆಳಗೆ. ನಾನು ಜನ್ಮದಲ್ಲಿ ಅಷ್ಟು ಹೆದರಿದ್ದು ಅವತ್ತೇ. ಬಾಯಿ ಬಿಟ್ಟರೆ ಸದ್ದು ಹೊರಡಲಿಲ್ಲ. ನನ್ನ ಮುಖ ನೋಡಿಯೇ ಅವರಿಗೆ ಗೊತ್ತಾಗಿದ್ದು.

ಹೇಗೆ ಇಳಿದರೋ ಕಾಣೆ. ನಾನು ಹೋಗುವಷ್ಟರಲ್ಲಿ ಅವರು ಕೋಣೆಯ ನೆಲದ ಮೇಲೆ ಮೊಣಕಾಲೂರಿ ಮಗಳ ಕಾಲು, ಹೊಟ್ಟೆ, ತಲೆ ಎಲ್ಲ ತಡವಿ ನೋಡುತ್ತಿದ್ದರು. ಏನೂ ಆಗಿರಲಿಲ್ಲ. ತುಂಡು ತೊಟ್ಟಿಲಿನ ಬಟ್ಟೆಯ ಮೇಲೆ ಬಿದ್ದಿತ್ತು. ಬಟ್ಟೆ ತೆಗೆದುಕೊಳ್ಳಲು ಬಗ್ಗಬೇಕೆಂದಿದ್ದಳಂತೆ, ಸೊಂಟ ಹಿಡಿದುಕೊಂಡಿದ್ದರಿಂದ ತಡವಾಯಿತಂತೆ. ಆ ಸೊಂಟನೋವಿಗೆ ನಾನು ಇವತ್ತಿಗೂ ಕೈಮುಗಿಯುತ್ತೇನೆ.

"ನಂಗೆ ಕೇಳಿಸಲ್ಲ ಮಗಳೇ," ಅಂದರು ಕಿವಿಯಣ್ಣ. "ನೀನು ಕೂಗಿದ್ದೂ ಕೇಳಿಸ್ಲಿಲ್ಲ. ಈ ಹೆಂಚು ಒಳ್ಳೇದು ಅಂತ ನಾನೇ ಕಳಿಸಿದ್ದು. ನಂಗೆ ಏನೂ ಕೇಳಿಸಲ್ಲ."

ಅವಳು ಅಪ್ಪನನ್ನು ಬಹಳ ಹೊತ್ತು ನೋಡಿದಳು. ಬಂದಾಗಿನಿಂದ ಅದೇ ಮೊದಲ ಸಲ ಅವರ ಮುಖವನ್ನು ನೇರವಾಗಿ ನೋಡಿದ್ದು. ಆಮೇಲೆ ಬಿಕ್ಕುತ್ತ, ತುಟಿ ಕಚ್ಚಿಕೊಂಡು, ತೀರ ಸಣ್ಣ ದನಿಯಲ್ಲಿ ಏನೋ ಹೇಳಿದಳು. ಅವರು ಅವಳ ತುಟಿಯನ್ನೇ ನೋಡಿದರು, ಸಿಗಲಿಲ್ಲ. ನನ್ನ ಕಡೆ ತಿರುಗಿದರು.

"ಏನಂದ್ಳು?"

ಅವಳು ಅಂದದ್ದು ಇದು: "ಆರನೇ ತಿಂಗಳಲ್ಲಿ ರಕ್ತ ಕಂಡು ಮಗು ಹೋಯ್ತೇನೋ ಅಂತ ಹೆದರಿ ನಿಮಗೆ ಫೋನ್ ಮಾಡಿ ಗೋಳೋ ಅಂತ ಅತ್ತಿದ್ದೆ ಅಪ್ಪ. ನೀವು 'ಸರಿ ಸರಿ, ಭಾಳ ಸಂತೋಷ' ಅಂತ ಇಟ್ಬಿಟ್ರಿ. ಅವತ್ತಿಂದ ನಾನು ನಿಮಗೆ ಬೇಡವಾದೆ ಅಂತಲೇ ಅಂದ್ಕೊಂಡಿದ್ದೆ."

ಏನೂ ಇಲ್ಲ ಬಿಡಿ ಅಂತ ಹೇಳಿಬಿಡಬಹುದಿತ್ತು. ಆದರೆ ಅವರು ನನ್ನ ಬಾಯನ್ನೇ ನೋಡುತ್ತಿದ್ದರು. ಬಾಗಿಲಲ್ಲಿ ಬೀದಿಯವರೆಲ್ಲ ನಿಂತಿದ್ದರು. ಅವರ ಕಿವಿಯ ಹತ್ತಿರ ಬಗ್ಗಿ, ಆ ಮಾತನ್ನು ಅಷ್ಟೂ ಜನಕ್ಕೆ ಕೇಳುವ ಹಾಗೆ ಕಿರುಚಿ ಹೇಳಿದೆ. ಒಂದು ಸಲಕ್ಕೆ ಅವರಿಗೆ ಕೇಳಲಿಲ್ಲ. ಎರಡನೆಯ ಸಲವೂ ಹೇಳಬೇಕಾಯಿತು.